ಕುಬುಸವಾದವರ ಪಟ್ಟಿ

ಆದೋನಿ
12 ಜೂನ್ 2024

ರಾಮಲಕ್ಷ್ಮಿಗೆ,

ಮೂರು ಸಲ ಫೋನ್ ಮಾಡಿದೆ. ಎರಡು ಸಲ ಹೊಡೆದುಕೊಂಡು ನಿಂತಿತು, ಮೂರನೆಯ ಸಲ ಹೊಡೆಯಲೇ ಇಲ್ಲ. ನನ್ನ ನಂಬರನ್ನು ನೀನು ತಡೆದಿದ್ದೀಯ ಎಂದು ಆಗ ತಿಳಿಯಿತು. ಕಾಗದವನ್ನು ಹಾಗೆ ತಡೆಯಲು ಬರುವುದಿಲ್ಲ, ಹರಿದು ಹಾಕಬಹುದು. ಹರಿಯುವ ಮೊದಲು ಒಮ್ಮೆ ಓದು.

ನಾನು ಆದೋನಿಗೆ ವಾಪಸು ಬಂದು ಒಂದು ತಿಂಗಳಾಯಿತು. ಜಿಲ್ಲಾ ಆರೋಗ್ಯ ಕಚೇರಿಯ ಕೆಲಸ ಬಿಟ್ಟೆ. ಈಗ ಒಂದು ಸಂಶೋಧನಾ ಸಂಸ್ಥೆಯ ಅಧ್ಯಯನ ನಡೆಸುತ್ತಿದ್ದೇನೆ. ದೇವನಕೊಂಡ, ಪತ್ತಿಕೊಂಡದ ಸುತ್ತಿನ ಹನ್ನೆರಡು ಹಳ್ಳಿಗಳಲ್ಲಿ, ಕಳೆದ ಆರು ವರ್ಷಗಳಲ್ಲಿ, ಬಸುರಿನಲ್ಲೋ ಹೆರಿಗೆಯಲ್ಲೋ ಹೆತ್ತ ನಲವತ್ತೆರಡು ದಿನದೊಳಗೋ ತೀರಿಕೊಂಡ ಹೆಂಗಸರು ಎಷ್ಟು ಜನ ಎಂದು ಎಣಿಸಬೇಕು. ಸರ್ಕಾರಿ ಪಟ್ಟಿ ಇಬ್ಬರು ಎನ್ನುತ್ತದೆ. ಆ ಇಬ್ಬರೂ ದೊಡ್ಡ ಆಸ್ಪತ್ರೆಯ ಹಾಸಿಗೆಯ ಮೇಲೆ ಸತ್ತವರು, ಅದಕ್ಕೇ ಕಾಗದಕ್ಕೆ ಬಂದರು. ಹೊಲದಲ್ಲಿ, ದಾರಿಯಲ್ಲಿ, ತವರಿನಲ್ಲಿ, ಗಡಿಯಾಚೆಯ ಊರಲ್ಲಿ ಸತ್ತವರು ಎಲ್ಲಿದ್ದಾರೆ? ಅವರನ್ನು ಹುಡುಕಲು ನನಗೆ ರಿಜಿಸ್ಟರುಗಳಿಲ್ಲ. ಮನೆ ಬಾಗಿಲುಗಳಿವೆ, ಆ ಬಾಗಿಲುಗಳು ನಿನಗೆ ತೆರೆಯುತ್ತವೆ. ಹದಿನಾರು ವರ್ಷದಿಂದ ಆ ಕಡೆಯ ನರ್ಸಮ್ಮ ನೀನು.

ಹನ್ನೆರಡು ಹಳ್ಳಿಗಳಲ್ಲಿ ಜಾಲಿದಿನ್ನೆಯೂ ಇದೆ.

ನನ್ನ ಮೇಲೆ ಸಿಟ್ಟಿರುವುದು ಗೊತ್ತು. ಆದರೂ ಕೇಳುತ್ತಿದ್ದೇನೆ.

ನಿನ್ನ,
ಸಂಪದಾ


ಉಪಕೇಂದ್ರ, ಜಾಲಿದಿನ್ನೆ
30 ಜೂನ್ 2024

ಸಂಪದಾ ಮೇಡಮ್ ಅವರಿಗೆ,

ನಿಮ್ಮ ಕಾಗದ ತಲುಪಿತು. ಗರ್ಭಿಣಿಯರ ರಿಜಿಸ್ಟರು, ಹೆರಿಗೆ ರಿಜಿಸ್ಟರು ಇಲ್ಲಿವೆ. ಮೇಲಿನಿಂದ ಆದೇಶ ತಂದರೆ ತೋರಿಸುತ್ತೇನೆ. ಮನೆ ಮನೆಗೆ ಬರಲು ನನಗೆ ಬಿಡುವಿಲ್ಲ.

ಇಷ್ಟು ಬರೆದು ಮಡಚಿಟ್ಟಿದ್ದೆ. ಎರಡು ದಿನ ಮೇಜಿನ ಮೇಲಿತ್ತು. ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ.

2019ರ ಜೂನ್ ಮೀಟಿಂಗು ನೆನಪಿದೆಯೇ? ನಲವತ್ತು ಜನ ನರ್ಸುಗಳು, ಮುಂದೆ ಸಾಹೇಬರು. ನೀವು ಪರದೆಯ ಮೇಲೆ ನನ್ನ ಉಪಕೇಂದ್ರದ ಅಂಕಿ ತೋರಿಸಿದಿರಿ. ಮೂವತ್ತೊಂದು ಗರ್ಭಿಣಿಯರು, ಇಪ್ಪತ್ತೇಳು ಹೆರಿಗೆ. "ಉಳಿದ ನಾಲ್ವರು ಎಲ್ಲಿ?" ಎಂದು ಕೇಳಿದಿರಿ. "ಮೆಣಸಿನಕಾಯಿ ಬಿಡಿಸಾಕ ಗುಂಟೂರಿಗೆ ಹೋಗ್ಯಾರ್ರಿ" ಎಂದೆ. "ಹೋದವರು ಏನಾದರು?" ಎಂದಿರಿ. ನಾನು ಸುಮ್ಮನೆ ನಿಂತೆ. ಸಾಹೇಬರು ಎಲ್ಲರೆದುರು ಬೈದರು, ಮೆಮೊ ಕೊಟ್ಟರು. ಹೈಸ್ಕೂಲಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತ ಗೆಳತಿ ಮೀಟಿಂಗಿಗೆ ಮೊದಲು ಒಂದು ಫೋನ್ ಮಾಡಿ ನನ್ನನ್ನೇ ಕೇಳಬಹುದಿತ್ತು.

ಉತ್ತರ ಬೇಡ.

ಇತಿ,
ಬಿ. ರಾಮಲಕ್ಷ್ಮಿ, ಎ.ಎನ್.ಎಂ.


ಆದೋನಿ
19 ಜುಲೈ 2024

ರಾಮಲಕ್ಷ್ಮಿ,

ಉತ್ತರ ಬೇಡ ಎಂದಿದ್ದೀಯ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ನಿನ್ನ ಮಾತು ನಿಜ. ಆ ದಿನ ನನಗೆ ನಾಲ್ಕು ಎಂಬ ಅಂಕಿ ಕಂಡಿತ್ತು, ನೀನು ಕಂಡಿರಲಿಲ್ಲ. ಮೊದಲೇ ಕೇಳಬೇಕಿತ್ತು. ತಪ್ಪಾಯಿತು. ಐದು ವರ್ಷ ತಡವಾಗಿ ಹೇಳುತ್ತಿದ್ದೇನೆ ಎಂಬುದೂ ತಪ್ಪೇ.

ಮೊದಲನೇ ಹಳ್ಳಿ ಮುಗಿಸಿ ಬಂದೆ. ಆರು ದಿನ, ಇನ್ನೂರ ಎಂಬತ್ತು ಮನೆ. ಸಿಕ್ಕಿದ್ದು ಸೊನ್ನೆ.

ನಾವು ಕೇಳುವ ಪ್ರಶ್ನೆಗಳು ಪುಸ್ತಕದಲ್ಲಿರುವಂಥವು. ಮನೆಯ ಪ್ರತಿ ಹೆಂಗಸಿಗೂ, ನಿಮ್ಮ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕತಂಗಿಯರು ಎಷ್ಟು, ಎಷ್ಟು ಜನ ಬದುಕಿದ್ದಾರೆ, ತೀರಿಕೊಂಡವರು ಆಗ ಬಸುರಿಯಾಗಿದ್ದರೇ ಎಂದು ಕೇಳುತ್ತೇವೆ. ಜಗತ್ತಿನ ಎಷ್ಟೋ ಕಡೆ ದಾಖಲೆ ಇಲ್ಲದ ಊರುಗಳಲ್ಲಿ ಹೀಗೇ ಎಣಿಸುತ್ತಾರೆ. ಇಲ್ಲಿ ಜೀಪು ನಿಂತ ಕೂಡಲೇ ಒಬ್ಬಾಕೆ ಮತ್ತೆ ಸರ್ವೇಯೇ ಎಂದು ತೆಲುಗಿನಲ್ಲಿ ಶುರು ಮಾಡಿದಳು, "ಮಳ್ಳೀ ಸರ್ವೇನಾ ಅಮ್ಮಾ?" ಆಮೇಲೆ ಕನ್ನಡಕ್ಕೆ ಹೊರಳಿ, "ಹೋದ ವಾರನ ಒಬ್ರು ಬಂದು ಬರಕೊಂಡು ಹೋದ್ರಲ್ಲ, ಮತ್ತೇನು ಬರೀತೀರಿ?" ನನ್ನ ಜೊತೆಗಿದ್ದ ಈಶ್ವರಿ, ಪತ್ತಿಕೊಂಡದ ಹುಡುಗಿ, ನಮ್ಮ ತಂಡದ ಚುರುಕಿನವಳು, ಪ್ರಶ್ನೆ ಓದಿದಳು. ಆ ಹೆಂಗಸು ಮೊರವನ್ನು ಕೆಳಗಿಟ್ಟಳು. "ಮೂಸಂಜಿ ಹೊತ್ತಿನ್ಯಾಗ ಸತ್ತವರ ಹೆಸರು ಕೇಳ್ತೀರಲ್ಲ, ನಿಮಗ ಮನಿ ಮಠ ಇಲ್ಲೇನು?" ಎಂದು ಒಳಗೆ ಹೋದಳು. ಬೀದಿಗೆ ಸುದ್ದಿ ನಮಗಿಂತ ಮೊದಲು ಹೋಯಿತು. ಉಳಿದವರೆಲ್ಲ "ಎಲ್ಲರೂ ಚಲೋ ಅದಾರ" ಎಂದರು.

ನಾನು ಆದೋನಿಯವಳು, ಇದೇ ಭಾಷೆ ಆಡುವವಳು ಎಂಬ ಹೆಮ್ಮೆ ಆರು ದಿನದಲ್ಲಿ ಇಳಿಯಿತು. ಸೊನ್ನೆಯನ್ನು ಬರೆದುಕೊಂಡು ಬರುವುದು ಸುಲಭ. ನಾನು ಬರೆದಿಲ್ಲ, ಫಾರಮಿನ ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ.

ಸಂಪದಾ


ಜಾಲಿದಿನ್ನೆ
4 ಆಗಸ್ಟ್ 2024

ಸಂಪದಾ,

ಮೇಡಮ್ ಎಂದು ಮತ್ತೆ ಬರೆಯಲು ಕೈ ಬರಲಿಲ್ಲ.

ನಿನ್ನ ಕಾಗದವನ್ನು ಸುಂಕಲಮ್ಮನಿಗೆ ಓದಿ ಹೇಳಿದೆ. ಆಕೆ ನಮ್ಮೂರ ಸೂಲಗಿತ್ತಿ. ಈಗ ಎಪ್ಪತ್ತೈದರ ಮೇಲಾಗಿದೆ, ಹೆರಿಗೆ ಮಾಡಿಸುವುದು ಬಿಟ್ಟು ಹತ್ತು ವರ್ಷವಾಯಿತು. ಈ ಸೀಮೆಯ ಅರ್ಧ ಜನರ ಹೊಕ್ಕುಳ ಬಳ್ಳಿ ಕತ್ತರಿಸಿದವಳು. ಕೇಳಿ ಪಕಪಕ ನಕ್ಕಳು.

"ಸತ್ತೋರನ್ನ ಕೇಳಿದ್ರ ಯಾರು ಹೇಳ್ತಾರ ತಂಗಿ? ಊಟ ಕೇಳ್ಬೇಕು."

"ಯಾವ ಊಟ?"

"ಕುಬುಸದ ಊಟ. ಈ ಆರು ವರ್ಷದಾಗ ನಿಮ್ಮ ಓಣ್ಯಾಗ ಯಾರ್‍ಯಾರ ಕುಬುಸ ಆತು, ಏನು ಸಿಹಿ ಮಾಡಿದ್ರು, ಯಾವ ಬಣ್ಣದ ಸೀರಿ ಉಡಿಸಿದ್ರು ಕೇಳು. ಬಾಯಿ ಮುಚ್ಚಂದ್ರೂ ಮುಚ್ಚೂದಿಲ್ಲ. ಆಮ್ಯಾಲ ಒಬ್ಬೊಬ್ಬಾಕೀದು ಹೆಸರು ಹಿಡದು, ಕೂಸು ಏನಾತು, ಈಗ ಎಲ್ಲಿ ಅದಾಳ ಅಂತ ಕೇಳು. ಮಾತು ಎಲ್ಲಿ ನಿಲ್ತೈತೋ ಅಲ್ಲಿ ಕುಂದ್ರು."

ಅದು ಸರಿ ಎನಿಸಿತು. ಸಾವಿನಿಂದ ಹಿಂದಕ್ಕೆ ಹೋಗಬೇಡ, ಹಸಿರು ಬಳೆಯಿಂದ ಮುಂದಕ್ಕೆ ಬಾ. ಜೀಪನ್ನು ಊರ ಹೊರಗೇ ಬಿಡು. ಬೆಳಿಗ್ಗೆ ಹತ್ತರ ಮೇಲೆ, ಹೊಲಕ್ಕೆ ಹೋಗದ ಮುದುಕಿಯರು ಕಟ್ಟೆಗೆ ಬಂದಾಗ ಹೋಗು.

ಆದರೆ ಕುಬುಸದ ಈ ಸೀಮಂತ ಮೊದಲ ಬಸುರಿಗೆ ಮಾತ್ರ. ಎರಡನೆಯದು ಮೂರನೆಯದಕ್ಕೆ ಯಾರೂ ಊಟ ಹಾಕುವುದಿಲ್ಲ. ಅವರಿಗಾಗಿ ಅಂಗನವಾಡಿಗೆ ಹೋಗು, ಯಾವ ಕೂಸನ್ನು ಅಜ್ಜಿ ಕರೆತರುತ್ತಾಳೆ ನೋಡು.

ಭಾನುವಾರ ನನಗೆ ರಜೆ. ಮುಂದಿನ ಭಾನುವಾರ ನಿನ್ನ ಸೊನ್ನೆ ಹಳ್ಳಿಗೆ ಬರುತ್ತೇನೆ. ಅಷ್ಟೊತ್ತಿಗೆ ಶ್ರಾವಣ ಹಿಡಿದಿರುತ್ತದೆ, ಉರುಕುಂದ ಈರಣ್ಣನ ಜಾತ್ರೆಗೆ ಹೋಗುವವರಿಂದ ಬಸ್ಸುಗಳೆಲ್ಲ ತುಂಬಿರುತ್ತವೆ, ತಡವಾದರೆ ಕಾಯಿ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ತಿಳಿಯಬೇಡ. ಆ ಹೆಂಗಸರಿಗಾಗಿ ಬರುತ್ತೇನೆ.

ರಾಮಲಕ್ಷ್ಮಿ


ಆದೋನಿ
22 ಸೆಪ್ಟೆಂಬರ್ 2024

ಪ್ರೀತಿಯ ರಾಮಲಕ್ಷ್ಮಿ,

ಹನ್ನೊಂದು ಹಳ್ಳಿ ಮುಗಿದವು. ನಿನ್ನೆ ಎಲ್ಲ ಫಾರಮುಗಳನ್ನು ನೆಲದ ಮೇಲೆ ಹರಡಿ ಕೂತೆ. ಸರ್ಕಾರಿ ಪಟ್ಟಿಯ ಇಬ್ಬರ ಜೊತೆಗೆ ಇನ್ನು ಆರು ಜನ ಸಿಕ್ಕಿದ್ದಾರೆ. ಸೊನ್ನೆ ಎಂದು ಬರೆಯಬಹುದಾಗಿದ್ದ ಹಳ್ಳಿಯಲ್ಲೇ ಇಬ್ಬರು.

ನೀನಿಲ್ಲದ ಒಂದು ಸೋಮವಾರದ ಸಂಗತಿ ಹೇಳಬೇಕು. ಅಂಗನವಾಡಿಗೆ ಒಬ್ಬ ಮುದುಕಿ ಅವಳಿ ಮಕ್ಕಳನ್ನು ಕಂಕುಳಲ್ಲಿ ಒಂದು, ಬೆರಳಿಗೆ ಒಂದು ಎಂದು ಕರೆತಂದಳು. ಇವರ ತಾಯಿ ಎಲ್ಲಿ ಎಂದು ಕೇಳಲಿಲ್ಲ. ಈಗ ನಾನೂ ಕಲಿತಿದ್ದೇನೆ. "ಇಬ್ಬರನ್ನೂ ಒಬ್ಬಳೇ ಹೆಂಗ ಸಾಕಿದಿರಿ ಅಮ್ಮಾ?" ಎಂದೆ. ಮುದುಕಿ ಒಂದು ತಾಸು ಮಾತಾಡಿದಳು. ಸೊಸೆ ಹೆತ್ತ ಹತ್ತನೆಯ ದಿನ ಚಳಿಜ್ವರ ಬಂದು, ಹದಿನಾಲ್ಕನೆಯ ದಿನ ಹೋದಳು. "ಜ್ವರ ಬಂದು ಸತ್ಲು ಅಂತ ಬರಸೀವಿ. ಜ್ವರನ ಅಲ್ಲೇನ್ರಿ ಅದು?" ಎಂದು ನನ್ನನ್ನೇ ಕೇಳಿದಳು. ಜ್ವರ ಹೌದು, ಬಾಣಂತಿ ಜ್ವರ ಎಂದೆ. ಆ ಒಂದು ಪದ ಬರೆಯದಿದ್ದರಿಂದ ಅವಳು ಯಾವ ಪಟ್ಟಿಗೂ ಸೇರಲಿಲ್ಲ. ಹೊರಡುವಾಗ ಮುದುಕಿ ನನ್ನ ಕೈ ಹಿಡಿದು, "ಹೆಸರು ಸರೀ ಬರಕೊಂಡಿಯೇನವ್ವ?" ಎಂದು ಎರಡು ಸಲ ಕೇಳಿದಳು.

ಈಗ ಜಾಲಿದಿನ್ನೆ ಒಂದೇ ಉಳಿದಿದೆ. ನೀನು ಮೂರು ಸಲ ದಿನ ಮುಂದೆ ಹಾಕಿದ್ದೀಯ. ಮೊದಲು ಲಸಿಕೆ ಎಂದೆ, ಆಮೇಲೆ ಟ್ರೇನಿಂಗ್ ಎಂದೆ, ಮೂರನೆಯ ಸಲ ಏನೂ ಹೇಳಲಿಲ್ಲ. ನಿನ್ನ ಊರಿಗೆ ನೀನಿಲ್ಲದೆ ಹೋಗಲು ನನಗೆ ಮನಸ್ಸಿಲ್ಲ. ಆದರೆ ಬಿಟ್ಟುಬಿಡಲೂ ಆಗುವುದಿಲ್ಲ. ಈ ಸಲ ಮೊದಲು ನಿನ್ನನ್ನೇ ಕೇಳುತ್ತಿದ್ದೇನೆ. ಯಾಕೆ?

ಸಂಪದಾ


ಜಾಲಿದಿನ್ನೆ
2 ಅಕ್ಟೋಬರ್ 2024

ಸಂಪದಾ,

ನೀನು ಫೋನಿನಲ್ಲಿ ಕೇಳಿದ್ದರೆ ಏನಾದರೂ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಕಾಗದದಲ್ಲಿ ಕೇಳಿದೆ. ಇವತ್ತು ರಜೆ, ಉಪಕೇಂದ್ರದ ಬಾಗಿಲು ಹಾಕಿಕೊಂಡು ಕೂತಿದ್ದೇನೆ.

ಚಂದನಾ ನೆನಪಿದ್ದಾಳೆಯೇ? ನನ್ನ ತಮ್ಮ ನಾಗೇಶನ ಹೆಂಡತಿ. ಮದುವೆಗೆ ನೀನು ಬಂದಿದ್ದೆ. ಅವಳ ಜಡೆಯ ಉದ್ದ ನೋಡಿ, "ಇದನ್ನು ಒಣಗಿಸೋಕೆ ಎರಡು ಬಿಸಿಲು ಬೇಕು" ಎಂದು ನಗಿಸಿದ್ದೆ.

2019ರಲ್ಲಿ ಅವಳಿಗೆ ಏಳು ತಿಂಗಳು. ಆ ಸಲವೂ ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಊರು ಹೊರಟಿತ್ತು. ಮೇಸ್ತ್ರಿ ಭೀಮಣ್ಣ ಗಂಡಹೆಂಡತಿ ಜೋಡಿಯನ್ನೇ ಕರೆದುಕೊಂಡು ಹೋಗುವವನು, ಒಂಟಿಯನ್ನು ಒಯ್ಯುವುದಿಲ್ಲ. ಹೊರಡುವ ಮೊದಲು ಅವಳ ಬಿ.ಪಿ. ನೋಡಿದೆ. ನೂರೈವತ್ತು, ಕೆಳಗೆ ನೂರು. ಪಾದ ಬಾತಿದ್ದವು. ಬೇರೆಯವರ ಮನೆಯ ಸೊಸೆಯಾಗಿದ್ದರೆ ಅವತ್ತೇ ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತಿದ್ದೆ, ಜಗಳವಾಡಿಯಾದರೂ ನಿಲ್ಲಿಸುತ್ತಿದ್ದೆ. ತಮ್ಮನ ಮನೆಯಲ್ಲಿ ದನಿ ಎತ್ತಲಿಲ್ಲ. "ಒಂದು ತಿಂಗಳು ಅಕ್ಕಾ, ಯುಗಾದಿ ಒಳಗ ಬಂದುಬಿಡ್ತೀವಿ, ಹೆರಿಗಿ ನಿನ್ನ ಕೈಯಾಗನ" ಎಂದಳು ಅವಳು. ಮಾತ್ರೆ ಕೊಟ್ಟು ಕಳಿಸಿದೆ.

ಫೆಬ್ರವರಿ ಹದಿನೇಳು. ಮೆಣಸಿನ ಸಾಲಿನಲ್ಲೇ ಬಿದ್ದಳು. ಕೈಕಾಲು ಸೆಟೆದವು, ಬಾಯಲ್ಲಿ ನೊರೆ ಬಂತು. ಆಟೋದಲ್ಲಿ ಆಸ್ಪತ್ರೆಗೆ ಒಯ್ಯುವಾಗ ದಾರಿಯಲ್ಲೇ ಹೋದಳು. ಕೂಸು ಹೊಟ್ಟೆಯಲ್ಲೇ ಇತ್ತು. ಜೀಪಿನಲ್ಲಿ ಊರಿಗೆ ತಂದು ಮಣ್ಣು ಮಾಡಿದರು. ಅಲ್ಲಿ ಸತ್ತದ್ದರಿಂದ ಇಲ್ಲಿ ಬರೆಸಲಿಲ್ಲ, ಇಲ್ಲಿಗೆ ತಂದದ್ದರಿಂದ ಅಲ್ಲಿ ಬರೆಸಲಿಲ್ಲ. ನೊರೆ ಬಂದಿತ್ತಲ್ಲ, ಹೊಲದಲ್ಲಿ ಹಾವು ಕಡಿಯಿತು ಎಂದು ಅವಳ ತವರಿಗೆ ಹೇಳಿದರು. ಹೇಳುವಾಗ ನಾನು ಅಲ್ಲೇ ನಿಂತಿದ್ದೆ. ಅದು ಹಾವಲ್ಲ, ಬಸುರಿಯ ಬಿ.ಪಿ. ಏರಿ ಬರುವ ಫಿಟ್ಸು ಎಂದು ಆ ಗುಂಪಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಬಾಯಿ ಬಿಡಲಿಲ್ಲ.

ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ "ವಲಸೆ" ಎಂದು ಬರೆದೆ. ಆ ವರ್ಷ ಹಾಗೆ ಬರೆದ ನಾಲ್ವರಲ್ಲಿ ಮೂವರು ಕೂಸುಗಳನ್ನು ಎತ್ತಿಕೊಂಡು ವಾಪಸು ಬಂದರು. ಮೀಟಿಂಗಿನಲ್ಲಿ "ಹೋದವರು ಏನಾದರು?" ಎಂದು ನೀನು ಕೇಳಿದಾಗ ನಾನು ಯಾಕೆ ಸುಮ್ಮನೆ ನಿಂತೆ ಎಂದು ಈಗ ತಿಳಿಯಿತಲ್ಲ. ನೀನು ಅವಮಾನ ಮಾಡಿದೆ ಎಂದು ಐದು ವರ್ಷ ಸಿಟ್ಟು ಹಿಡಿದೆ. ಸಿಟ್ಟಿನ ಕೆಳಗೆ ಇದಿತ್ತು.

ರಾಮಲಕ್ಷ್ಮಿ


ಆದೋನಿ
14 ನವೆಂಬರ್ 2024

ರಾಮಲಕ್ಷ್ಮಿ,

ಆರು ವಾರ ಬರೆಯಲಿಲ್ಲ. ನಾಲ್ಕು ಸಲ ಬರೆದು ಹರಿದೆ. ಒಂದರಲ್ಲಿ ನಿನ್ನನ್ನು ಸಮಾಧಾನ ಮಾಡಿದ್ದೆ, ಇನ್ನೊಂದರಲ್ಲಿ ಬೈದಿದ್ದೆ. ಎರಡೂ ನನ್ನ ಅನುಕೂಲಕ್ಕೆ ಎಂದು ಕಂಡವು.

ಆ ಜಡೆ ನನಗೆ ನೆನಪಿದೆ.

ಕೆಲಸದ ಮಾತು ಹೇಳುತ್ತೇನೆ. ಅಧ್ಯಯನದ ನಿಯಮದಂತೆ ಯಾರ ಹೆಸರೂ ಹೊರಗೆ ಹೋಗುವುದಿಲ್ಲ. ಹಳ್ಳಿಗೆ ಒಂದು ಸಂಕೇತ, ಸಾವಿಗೆ ಒಂದು ಸಂಖ್ಯೆ. ನೀನು ಬರೆದದ್ದರ ಮೇಲೆ ನಾನು ಒಂದು ಫಾರಮು ತುಂಬಿ, ಚಂದನಾಳನ್ನು ಒಂಬತ್ತನೆಯವಳಾಗಿ ಸೇರಿಸಬಹುದು. ನಾಗೇಶನನ್ನು ಮಾತಾಡಿಸಬೇಕಿಲ್ಲ, ನಿನ್ನ ಕೆಲಸಕ್ಕೂ ತೊಂದರೆಯಾಗುವುದಿಲ್ಲ. ಎಣಿಕೆ ಸರಿಯಾಗುತ್ತದೆ. ಆ ದಿನ ನಲವತ್ತು ಜನರೆದುರು ನಿನ್ನನ್ನು ನಿಲ್ಲಿಸಿದವಳು ಈಗ ಇಷ್ಟಾದರೂ ಮಾಡಬಲ್ಲೆ.

ನೀನು ಹೇಳಿದಂತೆ ಮಾಡುತ್ತೇನೆ.

ಸಂಪದಾ


ಜಾಲಿದಿನ್ನೆ
8 ಡಿಸೆಂಬರ್ 2024

ಸಂಪದಾ,

ನಾಗೇಶನನ್ನು ಕೇಳದೆ ಸೇರಿಸುವುದು ಬೇಡ ಎಂದು ಅವತ್ತೇ ಒಂದು ಸಾಲು ಬರೆದು ಕಳಿಸಿದ್ದೆ. ನೀನು ಈಶ್ವರಿಯನ್ನು ಕಳಿಸಿದೆ. ಗೆಳತಿಯ ಮನೆಯ ಸಾವನ್ನು ಗೆಳತಿ ಕೇಳಬಾರದು ಎಂಬ ನಿಮ್ಮ ನಿಯಮ ಒಳ್ಳೆಯದು. ಅದಕ್ಕೇ ನಡೆದದ್ದನ್ನು ನಾನೇ ಬರೆಯುತ್ತಿದ್ದೇನೆ.

ನಾಗೇಶ ಮೊದಲು ಒಪ್ಪಲಿಲ್ಲ. "ಈಗ್ಯಾಕ ಅಕ್ಕಾ? ಹೋದಾಕಿ ವಾಪಸ್ ಬರ್ತಾಳೇನು?" ಎಂದ. ನಾನು, "ಆಕಿ ಬರೂದಿಲ್ಲೋ. ಈ ವರ್ಷ ಭೀಮಣ್ಣನ ಲಾರಿ ಹತ್ತೋರ ಒಳಗ ಇಬ್ಬರು ಬಸುರಿ ಅದಾರ" ಎಂದೆ. ಅವನು ಎದ್ದು ಹೋಗಿ ಮುಖ ತೊಳೆದು, ಬೇರೆ ಅಂಗಿ ಹಾಕಿಕೊಂಡು ಬಂದು ಕೂತ.

ಈಶ್ವರಿ ತಾಳ್ಮೆಯ ಹುಡುಗಿ. ಒಂದೊಂದೇ ಕೇಳಿದಳು. ಎಷ್ಟು ತಿಂಗಳಾಗಿತ್ತು? ಬಾವು ಇತ್ತೇ? ನಾಗೇಶ ಚೆನ್ನಾಗಿಯೇ ಹೇಳುತ್ತಿದ್ದ. ಆಮೇಲೆ ಅವಳು, "ಬೀಳೂಕಿಂತ ಮೊದಲು ತಲೆನೋವು, ಕಣ್ಣು ಮಂಜು ಏನಾದರೂ ಇತ್ತೇನಣ್ಣಾ?" ಎಂದಳು.

ನಾಗೇಶ ನನ್ನ ಮುಖ ನೋಡಿದ.

"ಇತ್ತಮ್ಮಾ. ಮೂರು ದಿನದಿಂದ ಇತ್ತು."

"ಯಾರಿಗಾದರೂ ಹೇಳಿದ್ರಾ? ಡಾಕ್ಟರಿಗೋ, ನರ್ಸಿಗೋ?"

ಅವನು ಪಂಚೆಯ ಅಂಚು ತಿರುವುತ್ತ ಕೂತ. ಕಡೆಗೆ, "ಅಕ್ಕಾ, ಬರಸ್ಲೇನು?" ಎಂದ.

ಸಂಪದಾ, ಅಕ್ಟೋಬರಿನ ಕಾಗದದಲ್ಲಿ ಇದನ್ನು ನಾನು ಬರೆದಿರಲಿಲ್ಲ. ಹದಿನಾರನೆಯ ತಾರೀಖು ಬೆಳಿಗ್ಗೆ ನಾಗೇಶ ಫೋನ್ ಮಾಡಿದ್ದ. "ಅಕ್ಕಾ, ಈಕಿಗೆ ತಲಿ ಸಿಡೀತೈತಿ, ಕಣ್ಣಮುಂದ ಮಂಜು ಅಂತಾಳ" ಎಂದಿದ್ದ. ಅವತ್ತು ಲಸಿಕೆಯ ದಿನ. ಕೂಸುಗಳು ಅಳುತ್ತಿದ್ದವು, ಸಾಲು ಬಾಗಿಲಾಚೆ ಹೋಗಿತ್ತು. "ಬಿಸಿಲಿಗೆ ಆಗಿರ್ತೈತಿ, ನೆರಳಾಗ ಮಲಗಸು, ನೀರು ಕುಡಸು, ಸಂಜಿಗೆ ನಾನ ಮಾಡ್ತೀನಿ" ಎಂದೆ. ಸಂಜೆ ಮರೆತೆ. ಮರುದಿನ ಮಧ್ಯಾಹ್ನ ಅವಳು ಬಿದ್ದಳು.

ಆ ಮಾತನ್ನು ತಮ್ಮ ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಅವಳ ತವರಿನವರು ಕುತ್ತಿಗೆ ಪಟ್ಟಿ ಹಿಡಿದು ಕೇಳಿದಾಗಲೂ ಹಾವು ಎಂದೇ ಹೇಳಿದ. ನನ್ನನ್ನು ಕಾಯುತ್ತಿದ್ದಾನೆ ಎಂದು ನನಗೆ ಗೊತ್ತಿತ್ತು. ಇಬ್ಬರೂ ಅದನ್ನು ಬಾಯಿ ಬಿಟ್ಟು ಆಡಿದ್ದಿಲ್ಲ.

"ಬರಸು" ಎಂದೆ. ಎರಡನೆಯ ಸಲ ಗಟ್ಟಿಯಾಗಿ ಹೇಳಿದೆ. "ಬರಸು ನಾಗೇಶಾ. ನರ್ಸಿಗೆ ಫೋನ್ ಮಾಡಿದ್ವಿ, ನರ್ಸು ಬಿಸಿಲು ಅಂದ್ಲು ಅಂತ ಬರಸು. ನರ್ಸಿನ ಹೆಸರೂ ಹೇಳು."

ಈಶ್ವರಿಯ ಪೆನ್ನು ನಿಂತಿತ್ತು. ಹೆಸರಿಗೆ ಫಾರಮಿನಲ್ಲಿ ಜಾಗವಿಲ್ಲ ಎಂದಳು. ಹಾಗಾದರೆ ಜಾಗ ಇರುವ ಕಡೆ ನಾನೇ ಹೇಳುತ್ತೇನೆ ಎಂದೆ.

ಜನವರಿಯ ಮೀಟಿಂಗಿನಲ್ಲಿ ನಿನ್ನ ಅಂಕಿಗಳನ್ನು ಸಾಹೇಬರ ಮುಂದೆ ಇಡುತ್ತೀಯಂತೆ. ನನಗೆ ಎರಡು ನಿಮಿಷ ಕೊಡಿಸು.

ರಾಮಲಕ್ಷ್ಮಿ


ಆದೋನಿ
20 ಜನವರಿ 2025

ಪ್ರೀತಿಯ ರಾಮಲಕ್ಷ್ಮಿ,

ನೀನು ಮಾತು ಮುಗಿಸಿ ಹೊರಗೆ ಹೋದೆ. ನಾನು ಹಿಂದೆ ಬರಲಾಗಲಿಲ್ಲ. ಆಮೇಲೆ ನಡೆದದ್ದು ನಿನಗೆ ಗೊತ್ತಾಗಬೇಕು.

ನೀನು "ಆ ನಾಲ್ವರಾಗ ಒಬ್ಬಾಕಿ ಸತ್ತಾಳ್ರಿ. ಚಂದನಾ ಅಂತ. ನನ್ನ ತಮ್ಮನ ಹೆಂಡತಿ. ನನಗ ಗೊತ್ತಿದ್ದೂ ನಾ ಬರೀಲಿಲ್ಲ" ಎಂದು ಕೈಮುಗಿದು ಹೋದ ಮೇಲೆ ಸಾಹೇಬರು ನನ್ನ ಕಡೆ ತಿರುಗಿ, ಈ ಹೆಂಗಸಿನ ಮೇಲೆ ವಿಚಾರಣೆ ಆಗಬೇಕು ಎಂದರು. ಆಗಲಿ ಎಂದೆ. ವಿಚಾರಣೆ ಮಾಡುವುದಾದರೆ ವಲಸೆ ಹೋದ ಬಸುರಿಯರನ್ನು ಹಿಂಬಾಲಿಸಲು ಆರು ವರ್ಷದಲ್ಲಿ ಯಾರಿಗೆ ಯಾವ ಆದೇಶ ಹೋಗಿತ್ತು ಎಂಬುದನ್ನೂ ವಿಚಾರಿಸಿ ಎಂದೆ. ಆದೇಶ ಹೋಗಿರಲಿಲ್ಲ. ಅದು ಅವರಿಗೂ ಗೊತ್ತಿತ್ತು.

ಆಗ ಹಿಂದಿನ ಸಾಲಿನಿಂದ ಒಬ್ಬ ನರ್ಸಮ್ಮ ಎದ್ದಳು. "ಸರ್, ನನ್ನ ರಿಜಿಸ್ಟರಿನ್ಯಾಗೂ ವಲಸೆ ಅಂತ ಬರದಿದ್ದು ಒಂದೈತಿ." ಆಮೇಲೆ ಇನ್ನೊಬ್ಬಳು. ಮೀಟಿಂಗು ಮುಗಿಯುವ ಹೊತ್ತಿಗೆ ಐದು ಜನ. ನಮ್ಮ ಹನ್ನೆರಡು ಹಳ್ಳಿಗಳ ಹೊರಗಿನ ಐದು ಸಾವುಗಳು, ಅಧ್ಯಯನಕ್ಕೆ ಸೇರದಂಥವು. ಆದರೂ ಬರೆದುಕೊಂಡೆ.

ಜಾಲಿದಿನ್ನೆಯ ಉಳಿದ ಮನೆಗಳೂ ಮುಗಿದು ನಮ್ಮ ಎಣಿಕೆ ಒಂಬತ್ತಕ್ಕೆ ನಿಂತಿದೆ. ಸರ್ಕಾರಿ ಪಟ್ಟಿಯಲ್ಲಿ ಇಬ್ಬರು, ನಮ್ಮಲ್ಲಿ ಒಂಬತ್ತು. ಒಂಬತ್ತೂ ಪೂರ್ತಿಯಲ್ಲ, ನಮಗೆ ಸಿಕ್ಕದವರು ಇದ್ದೇ ಇರುತ್ತಾರೆ ಎಂದು ವರದಿಯ ಮೊದಲ ಪುಟದಲ್ಲೇ ಬರೆದಿದ್ದೇನೆ.

ಈ ತಿಂಗಳಿಂದ ವಲಸೆ ಹೋಗುವ ಬಸುರಿಯ ಹೆಸರು, ಫೋನ್ ನಂಬರು, ಮೇಸ್ತ್ರಿಯ ನಂಬರು ಮೂರನ್ನೂ ಹೋದ ಊರಿನ ನರ್ಸಿಗೆ ಕಳಿಸಬೇಕೆಂದು ಆದೇಶ ಬಂದಿದೆ. ಎಷ್ಟು ದಿನ ನಡೆಯುತ್ತದೋ ನೋಡೋಣ. ನಿಲ್ಲಿಸಿದರೆ ಮತ್ತೆ ಹೋಗಿ ಕೇಳುತ್ತೇನೆ.

ಫೋನಿನ ಸಂಗತಿ ಓದಿ ಅತ್ತೆ. ನಿನ್ನ ವಿಚಾರಣೆಯ ದಿನ ಬಾಗಿಲ ಹೊರಗೆ ಕೂತಿರುತ್ತೇನೆ.

ನಿನ್ನ,
ಸಂಪದಾ


ಬಳ್ಳಾರಿ
23 ಫೆಬ್ರವರಿ 2025

ಸಂಪದಾ,

ಬಳ್ಳಾರಿ ಎಂದು ನೋಡಿ ಗಾಬರಿಯಾಗಬೇಡ. ಸರ್ಕಾರಿ ಆಸ್ಪತ್ರೆಯ ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ.

ವಿಚಾರಣೆ ಮುಗಿದು ನಾವಿಬ್ಬರೂ ಚಹಾ ಕುಡಿದೆವಲ್ಲ, ಒಂದು ವರ್ಷ ಬಡ್ತಿ ಇಲ್ಲ ಎಂದು ನಾನು ನಕ್ಕೆನಲ್ಲ, ಅವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಸಾಹೇಬರಿಗೆ ಹೇಳಿದ್ದಾಯಿತು, ಹೇಳಬೇಕಾದವರಿಗೆ ಹೇಳಿರಲಿಲ್ಲ. ನಿನಗೆ ತಿಳಿಸಿದ್ದರೆ ನೀನೂ ಬರುತ್ತಿದ್ದೆ. ಒಬ್ಬಳೇ ಹೋಗಬೇಕಿತ್ತು.

ಮೊನ್ನೆ ಚಂದನಾಳ ತವರಿಗೆ ಹೋದೆ. ಸಿರುಗುಪ್ಪದಿಂದ ಒಳಗೆ, ಭತ್ತದ ಗದ್ದೆಗಳ ನಡುವಿನ ಊರು. ಅವಳ ಅಪ್ಪ ಜಂಬಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಗುರುತು ಹಿಡಿದ, ಕೂರು ಎನ್ನಲಿಲ್ಲ. ಅವಳ ತಾಯಿ ಒಳಗಿನಿಂದ ಬಂದು ಕಂಬ ಹಿಡಿದು ನಿಂತಳು. ನಾನು ನಿಂತೇ ಹೇಳಿದೆ. ಹಾವಲ್ಲ ಎಂದೆ. ನೂರೈವತ್ತು ಬಿ.ಪಿ. ನೋಡಿಯೂ ಕಳಿಸಿದೆ ಎಂದೆ. ಫೋನು, ಬಿಸಿಲು, ಸಂಜೆ ಮರೆತದ್ದು, ಒಂದನ್ನೂ ಬಿಡಲಿಲ್ಲ.

ಜಂಬಪ್ಪ ಹಗ್ಗ ಎಸೆದು ಎದ್ದ. "ಆರು ವರ್ಷ! ಆರು ವರ್ಷ ನಾ ಆ ಹೊಲದಾಗಿನ ಹಾವಿಗೆ ಶಾಪ ಹಾಕೀನಿ. ಈಗ ಬಂದು ಹೇಳ್ತಿಯೇನು? ನಡಿ ಹೊರಗ!"

"ಬೈರಿ. ಆದ್ರ ಹೇಳೂತನಕ ಹೋಗೂದಿಲ್ಲಂತ ಬಂದೀನಿ. ಹೇಳಿದ್ದಾತು" ಎಂದೆ. ತಿರುಗಿದೆ.

"ನಿಂದ್ರು." ತಾಯಿಯ ದನಿ. "ತಲಿನೋವು ಅಂದಿದ್ಲಂತಾ ಆಕಿ?"

"ಹೌದ್ರಿ."

"ಕಣ್ಣು ಮಂಜು ಅಂತ?"

"ಹೌದ್ರಿ."

ಅವಳು ಮೆಟ್ಟಿಲಿಳಿದು ಬಂದಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆಯಲಿ ಎಂದೂ ಅಂದುಕೊಂಡೆ. ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡು ಒಳಗೆ ಹೋದಳು. ನಡುಮನೆಯಲ್ಲಿ ಚಾಪೆಯ ಮೇಲೆ ಸೌಜನ್ಯ ಮಲಗಿದ್ದಳು. ಚಂದನಾಳ ತಂಗಿ. ಎಂಟು ತಿಂಗಳು, ಹೆರಿಗೆಗೆ ತವರಿಗೆ ಬಂದವಳು. ಹಣೆಗೆ ಒದ್ದೆ ಬಟ್ಟೆ.

"ನಿನ್ನಿಯಿಂದ ತಲಿನೋವು ಅಂತಾಳ. ಮಾತು ಆಮ್ಯಾಲ. ಮೊದಲು ಇಕೀನ್ನ ನೋಡು."

ಬಿ.ಪಿ. ಯಂತ್ರ ಚೀಲದಲ್ಲೇ ಇತ್ತು, ಅದಿಲ್ಲದೆ ನಾನೀಗ ಎಲ್ಲಿಗೂ ಹೋಗುವುದಿಲ್ಲ. ನೂರ ಅರವತ್ತೆಂಟು, ಕೆಳಗೆ ನೂರ ಹತ್ತು. ಮತ್ತೊಮ್ಮೆ ನೋಡಿದೆ, ಅಷ್ಟೇ. ಪಾದಗಳು ಬಾತಿದ್ದವು. ಜಂಬಪ್ಪ ಬಾಗಿಲಲ್ಲಿ ಬಂದು ನಿಂತಿದ್ದ. "ಗಾಡಿ ತರ್‍ರಿ, ಈಗಿಂದೀಗ" ಎಂದೆ. ಈ ಸಲ ದನಿ ಇಳಿಸಲಿಲ್ಲ. ಅವನು ಓಡಿದ.

ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರು, ನಿನ್ನೆ ಸಂಜೆ ಆಪರೇಷನ್ ಮಾಡಿ ಕೂಸನ್ನು ತೆಗೆದರು. ಹೆಣ್ಣು. ಎರಡು ಕಿಲೋಗೂ ಕಡಿಮೆ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಸೌಜನ್ಯ ಇವತ್ತು ಬೆಳಿಗ್ಗೆ ಎದ್ದು ಕೂತಳು, ಕಣ್ಣು ಸರಿಯಾಗಿ ಕಾಣುತ್ತಿದೆ ಎಂದಳು. ಇನ್ನೂ ಎರಡು ದಿನ ಎಚ್ಚರದಿಂದ ನೋಡಬೇಕು ಎಂದಿದ್ದಾರೆ ಡಾಕ್ಟರು.

ಜಂಬಪ್ಪ ನನ್ನ ಜೊತೆ ಇನ್ನೂ ಮಾತಾಡಿಲ್ಲ. ಆಡಬೇಕು ಎಂದೂ ನಾನು ಬಯಸುವುದಿಲ್ಲ. ಆಗೀಗ ನನ್ನ ಪಕ್ಕದಲ್ಲಿ ಒಂದು ಲೋಟ ಚಹಾ ಇಟ್ಟು ಹೋಗುತ್ತಾನೆ.

ಈಗ ಸ್ವಲ್ಪ ಹೊತ್ತಿನ ಮುಂಚೆ ವಾರ್ಡಿನ ನರ್ಸು ಬಂದು, ರೋಗಿಯ ಜೊತೆ ಒಬ್ಬರೇ ಇರಬೇಕು, ಇವರು ಯಾರು ಎಂದು ನನ್ನ ಕಡೆ ಕೈ ತೋರಿಸಿ ಕೇಳಿದಳು. ನಾನು ಎದ್ದು ಚೀಲ ತೆಗೆದುಕೊಂಡೆ. ಚಂದನಾಳ ತಾಯಿ ನನ್ನ ಮುಖ ನೋಡಲಿಲ್ಲ. ಸೀರೆಯ ಸೆರಗು ಸರಿಮಾಡಿಕೊಂಡು ನರ್ಸಿಗೆ ಹೇಳಿದಳು:

"ಈಕಿ ನಮ್ಮ ದೊಡ್ಡ ಮಗಳ ಗಂಡನ ಅಕ್ಕ. ಈಕಿ ಇರ್ಲಿ, ನಾ ಹೊರಗ ಕುಂದಿರ್ತೀನಿ."

ರಾಮಲಕ್ಷ್ಮಿ